ಒಂದು ಬೈಟಿನ ಸ್ಥಿತಿ ಕೇಳಲು ಹಿಡಿದ ವರ್ಷಗಳು

ಬದಿಯಡ್ಕದ ಕಡೆ ಒಂದು ಸಣ್ಣ ಕಚೇರಿ. ಹಳೆಯ ಲೆಕ್ಕಪತ್ರದ ತಂತ್ರಾಂಶ ವಿಂಡೋಸ್ ಇಲ್ಲದೆ ಓಡುವುದಿಲ್ಲ, ಆದರೆ ಸರ್ವರ್ ಲಿನಕ್ಸ್‌ನದ್ದು. ಹಾಗಾಗಿ ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಟಿಸಿ ತೋರಿಸುವ ಕ್ಯೂಎಮು ಎಂಬ ಎಮ್ಯುಲೇಟರ್ ಒಳಗೆ ವಿಂಡೋಸ್ ಕೂತಿದೆ. ಒಂದು ದಿನ ಅದಕ್ಕೆ ನೆಟ್‌ವರ್ಕ್ ಇಲ್ಲ. ತಪ್ಪು ಒಳಗಿನ ವಿಂಡೋಸ್‌ನದೋ, ಹೊರಗಿನ ಲಿನಕ್ಸ್‌ನದೋ, ನಡುವಿನ ವರ್ಚುವಲ್ ಕಾರ್ಡಿನದೋ? ಕಾಸರಗೋಡಿನಲ್ಲಿ ಇಂಥ ಪ್ರಶ್ನೆ ಎದುರಿಸುವವರು ಕಡಿಮೆಯೇನಲ್ಲ. ಕೇರಳದ ಶಾಲೆಗಳು ಬಹಳ ಹಿಂದೆಯೇ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿದ್ದರಿಂದ ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿತು ಬಂದವರು. ಟರ್ಮಿನಲ್ ಕಂಡರೆ ಅವರಿಗೆ ಭಯವಿಲ್ಲ. ಆದರೆ ವರ್ಚುವಲ್ ಸಾಧನದ ಸ್ಥಿತಿಯನ್ನು ಹೊರಗಿನಿಂದ ಕೇಳುವ ಆಜ್ಞೆಯೇ ಬಹುಕಾಲ ಇರಲಿಲ್ಲ.

ಕ್ಯೂಎಮು 2003ರಲ್ಲಿ ಫ್ಯಾಬ್ರಿಸ್ ಬೆಲಾರ್ಡ್ ಅವರ ಕೈಯಲ್ಲಿ ಹುಟ್ಟಿತು. ಆಗ ಅದು ನಿಜವಾದ ಯಂತ್ರಾಂಶವನ್ನೇ ಅನುಕರಿಸುತ್ತಿತ್ತು. ಮಾರುಕಟ್ಟೆಯಲ್ಲಿದ್ದ ಒಂದು ನೆಟ್‌ವರ್ಕ್ ಕಾರ್ಡ್ ಹೇಗೆ ವರ್ತಿಸುವುದೋ ಹಾಗೆಯೇ ನಟಿಸುವುದು ಅದರ ಕೆಲಸ. ಈ ನಟನೆ ದುಬಾರಿ. ಇಲ್ಲದ ಕಾರ್ಡಿನ ಒಂದೊಂದು ರಿಜಿಸ್ಟರನ್ನೂ ಇದ್ದಂತೆ ತೋರಿಸಬೇಕು. 2007ರಲ್ಲಿ, ಒಳಗಿನ ವ್ಯವಸ್ಥೆಯನ್ನು ನೇರವಾಗಿ ಪ್ರೊಸೆಸರಿನ ಮೇಲೆ ಓಡಿಸುವ ಕೆವಿಎಂ ಲಿನಕ್ಸ್‌ನ ತಿರುಳಾದ ಕರ್ನೆಲ್ ಸೇರಿ ಪ್ರೊಸೆಸರಿನ ವೇಗ ಸಿಕ್ಕಿದ ಮೇಲೆ ಡಿಸ್ಕ್ ಮತ್ತು ನೆಟ್‌ವರ್ಕಿನ ಈ ನಿಧಾನ ಎದ್ದು ಕಂಡಿತು. ಆಗ ರಸ್ಟಿ ರಸೆಲ್ ರೂಪಿಸಿದ್ದು ವರ್ಟಿಯೊ. ಒಳಗಿನ ವ್ಯವಸ್ಥೆಗೆ ‘ನೀನು ವರ್ಚುವಲ್ ಯಂತ್ರದಲ್ಲಿದ್ದೀಯೆ’ ಎಂದು ಮುಚ್ಚುಮರೆಯಿಲ್ಲದೆ ತಿಳಿಸಿ, ಅದೂ ಕ್ಯೂಎಮುವೂ ಹಂಚಿಕೊಂಡ ಮೆಮೊರಿಯ ಸರತಿಗಳ ಮೂಲಕ ವ್ಯವಹರಿಸುವ ಕ್ರಮ ಅದು. 2008ರ ಜನವರಿಯಲ್ಲಿ ಬಂದ ಲಿನಕ್ಸ್ 2.6.24ರಲ್ಲಿ ಅದು ಸೇರಿತು.

ನಮ್ಮ ಕಥೆಯ ಕೇಂದ್ರದಲ್ಲಿರುವುದು ಈ ಕ್ರಮದ ಒಂದು ಪುಟ್ಟ ಭಾಗ, ಸಾಧನದ ಸ್ಥಿತಿಯನ್ನು ಹೇಳುವ ಒಂದೇ ಒಂದು ಬೈಟ್. ಬೈಟಿನ ಒಂದೊಂದು ಬಿಟ್ಟೂ ಒಂದೊಂದು ಗುರುತು. ಒಳಗಿನ ವ್ಯವಸ್ಥೆ ಸಾಧನವನ್ನು ಕಂಡರೆ 1ರ ಬಿಟ್ ಏರುತ್ತದೆ. ಅದನ್ನು ನಡೆಸಬಲ್ಲ ಡ್ರೈವರ್ ಇದ್ದರೆ 2ರದ್ದು, ಯಾವ ಸೌಲಭ್ಯ ಬೇಕು ಯಾವುದು ಬೇಡ ಎಂಬ ಮಾತುಕತೆ ಮುಗಿದರೆ 8ರದ್ದು, ಡ್ರೈವರ್ ಪೂರ್ತಿ ಸಜ್ಜಾದರೆ 4ರದ್ದು. ಎಲ್ಲ ಸರಿಯಿದ್ದರೆ ಮೊತ್ತ 15. 8ರ ಬಿಟ್ ಬಂದದ್ದು ವರ್ಟಿಯೊ 1.0 ನಿಯಮಾವಳಿಯೊಂದಿಗೆ, ಹಾಗಾಗಿ ಹಳೆಯ ಡ್ರೈವರುಗಳಲ್ಲಿ 7 ಕಂಡರೂ ಗಾಬರಿ ಬೇಡ. 128ರ ಬಿಟ್ ಏರಿದ್ದರೆ ಡ್ರೈವರ್ ಕೈಚೆಲ್ಲಿದೆ ಎಂದರ್ಥ. ವಿಂಡೋಸ್‌ನಲ್ಲಿ ವರ್ಟಿಯೊ ಡ್ರೈವರ್ ತಾನಾಗಿ ಇರುವುದಿಲ್ಲ, ಬೇರೆಯಾಗಿ ಹಾಕಬೇಕು. ಹಾಕಲು ಮರೆತಿದ್ದರೆ ಈ ಬೈಟ್ ಸೊನ್ನೆಯಲ್ಲೇ ಕೂರುತ್ತದೆ. ತೋಟದ ಪಂಪ್ ನೀರೆತ್ತದಿದ್ದರೆ ಬಾವಿಗಿಳಿಯುವ ಮೊದಲು ಸ್ಟಾರ್ಟರಿನ ಮೂರು ದೀಪ ನೋಡುತ್ತೇವಲ್ಲ, ಅಂಥ ಮೊದಲ ಪರೀಕ್ಷೆ ಇದು.

ಆ ಬೈಟ್ ಕ್ಯೂಎಮುವಿನ ಹೊಟ್ಟೆಯೊಳಗೆ ಸದಾ ಇತ್ತು. ಕೇಳುವ ದಾರಿ ಮಾತ್ರ ಇರಲಿಲ್ಲ. ಕ್ಯೂಎಮುವಿಗೆ ಆಜ್ಞೆ ಕೊಡುವ ಕಿಟಕಿಯಾದ ‘ಮಾನಿಟರಿ’ನಲ್ಲಿ ‘ಇನ್ಫೋ ಕ್ಯೂಟ್ರೀ’ ಎಂದರೆ ಯಾವ ಸಾಧನ ಎಲ್ಲಿ ಜೋಡಣೆಯಾಗಿದೆ ಎಂದು ಹೇಳುತ್ತಿತ್ತು, ‘ಇನ್ಫೋ ನೆಟ್‌ವರ್ಕ್’ ಹೊರಗಿನ ಸಂಪರ್ಕವನ್ನು ತೋರಿಸುತ್ತಿತ್ತು. ಎರಡೂ ಈ ಸ್ಥಿತಿಯ ಬಗ್ಗೆ ತುಟಿ ಬಿಚ್ಚುತ್ತಿರಲಿಲ್ಲ. ಒಳಗಿರುವುದು ಲಿನಕ್ಸ್ ಆದರೆ ಸಾಧನಗಳ ವಿವರ ತೋರಿಸುವ ಅದರ ಸಿಸ್‌ಎಫ್‌ಎಸ್ ಕಡತಗಳಲ್ಲಿ ಇದೇ ಬೈಟನ್ನು ಓದಬಹುದು. ಆದರೆ ಒಳಗಿನ ವ್ಯವಸ್ಥೆ ಬೂಟ್ ಆಗುವಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಅಲ್ಲಿ ಲಾಗಿನ್ ಆಗುವುದು ಹೇಗೆ? ನನ್ನ ಮಟ್ಟಿಗೆ ಈ ಕೊರತೆ ಇಷ್ಟು ಕಾಲ ಉಳಿದದ್ದಕ್ಕೆ ಕಾರಣ ಸರಳ: ಕ್ಯೂಎಮು ಬರೆಯುವವರಿಗೆ ಜಿಡಿಬಿ ಎಂಬ ದೋಷ ಹುಡುಕುವ ಸಲಕರಣೆ ಇದೆ. ಓಡುತ್ತಿರುವ ಪ್ರೋಗ್ರಾಮನ್ನು ತಡೆದು ನಿಲ್ಲಿಸಿ, ಬೇಕಾದ ವೇರಿಯಬಲ್ ಇಣುಕಿ ನೋಡಿ ಮುಂದೆ ಬಿಡುವುದು ಅವರಿಗೆ ದಿನನಿತ್ಯದ ಕೆಲಸ. ಸರ್ವರ್ ನೋಡಿಕೊಳ್ಳುವವರಿಗೆ ಆ ಸಲಕರಣೆಯೂ ಇಲ್ಲ, ಹತ್ತು ಜನ ಬಳಸುತ್ತಿರುವ ಯಂತ್ರವನ್ನು ತಡೆದು ನಿಲ್ಲಿಸುವ ಸ್ವಾತಂತ್ರ್ಯವೂ ಇಲ್ಲ.

2020ರಲ್ಲಿ ರೆಡ್ ಹ್ಯಾಟ್‌ನ ಎಂಜಿನಿಯರ್ ಒಬ್ಬರು ಈ ಸ್ಥಿತಿ ಕೇಳುವ ಆಜ್ಞೆಗಳ ಮೊದಲ ಪ್ಯಾಚ್‌ಗಳನ್ನು, ಅಂದರೆ ಕ್ಯೂಎಮುವಿಗೆ ಸೇರಿಸಬೇಕಾದ ಕೋಡ್ ತುಣುಕುಗಳನ್ನು, ಮುಂದಿಟ್ಟರು. ಮುಂದೆ ಒರಾಕಲ್‌ನ ಎಂಜಿನಿಯರ್ ಒಬ್ಬರು ಆ ಕೆಲಸವನ್ನು ಕೈಗೆತ್ತಿಕೊಂಡರು. ಹತ್ತಕ್ಕೂ ಹೆಚ್ಚು ಪರಿಷ್ಕರಣೆಗಳನ್ನು ಕಂಡು ಅದು ಸೇರಿದ್ದು 2022ರ ಡಿಸೆಂಬರಿನಲ್ಲಿ ಬಂದ 7.2 ಆವೃತ್ತಿಯಲ್ಲಿ. ಒಂದು ಬೈಟ್ ತೋರಿಸಲು ಇಷ್ಟು ಕಾಲವೇ ಎಂದು ಯಾರಿಗಾದರೂ ಅನಿಸೀತು. ತೋರಿಸಬೇಕಾದದ್ದು ಬೈಟ್ ಒಂದೇ ಅಲ್ಲ. ಎರಡೂ ಕಡೆ ಒಪ್ಪಿದ ಸೌಲಭ್ಯಗಳನ್ನು ಬರಿಯ ಅಂಕಿಯಾಗಿ ಕೊಡದೆ ಹೆಸರು ಹಿಡಿದು ಹೇಳಬೇಕು. ಸಾಧನ ಕೆಟ್ಟಿದೆಯೇ ಎಂಬುದು ಬೇಕು. ಸರತಿ ಎಲ್ಲಿಯವರೆಗೆ ಸಾಗಿದೆ, ಎಷ್ಟು ಕೋರಿಕೆಗಳು ಇನ್ನೂ ಬಾಕಿ ಎಂಬುದೂ ಬೇಕು. ಪ್ಯಾಕೆಟ್‌ಗಳ ಸಾಗಾಟವನ್ನು ವೇಗಕ್ಕಾಗಿ ಕರ್ನೆಲ್‌ಗೆ ವಹಿಸಿದ್ದರೆ ಸರತಿಯ ನಿಜವಾದ ಲೆಕ್ಕ ಕ್ಯೂಎಮುವಿನ ಬಳಿ ಇರುವುದೇ ಇಲ್ಲ. ಅದಕ್ಕೆಂದೇ ಇನ್ನೊಂದು ಆಜ್ಞೆ ಬೇಕಾಯಿತು.

ಇನ್ನೊಂದು ತೊಡಕು ಭರವಸೆಯದ್ದು. ಕ್ಯೂಎಮುವಿಗೆ ಎರಡು ಮುಖ: ಮನುಷ್ಯರು ಬೆರಳಚ್ಚಿಸುವ ಮಾನಿಟರ್ ಒಂದು, ಬೇರೆ ತಂತ್ರಾಂಶಗಳು ಜೇಸನ್ ಎಂಬ ಕಟ್ಟುನಿಟ್ಟಿನ ಪಠ್ಯರೂಪದಲ್ಲಿ ಮಾತಾಡುವ ಕ್ಯೂಎಂಪಿ ಇನ್ನೊಂದು. ಎರಡನೆಯದರಲ್ಲಿ ಇಂದು ಕೊಟ್ಟ ಉತ್ತರದ ಆಕಾರವನ್ನು ನಾಳೆ ಏಕಾಏಕಿ ಬದಲಿಸುವಂತಿಲ್ಲ, ಅದನ್ನು ನಂಬಿದ ತಂತ್ರಾಂಶಗಳು ಮುರಿದು ಬೀಳುತ್ತವೆ. ದೋಷ ಹುಡುಕಲೆಂದೇ ಮಾಡಿದ ಈ ಆಜ್ಞೆಗಳಿಗೆ ಅಂಥ ಮಾತು ಕೊಡುವುದು ಕಷ್ಟ. ಆದ್ದರಿಂದ ಕ್ಯೂಎಂಪಿಯಲ್ಲಿ ಅವುಗಳ ಹೆಸರಿನ ಮುಂದೆ ‘ಎಕ್ಸ್-’ ಎಂದು ಅಂಟಿಸಲಾಯಿತು. ಬಳಸಿ, ಆದರೆ ನೆಚ್ಚಿಕೊಳ್ಳಬೇಡಿ ಎಂಬ ಸೂಚನೆ. ಜಾಣತನದ ರಾಜಿ ಎಂದೇ ನನ್ನ ಅಭಿಪ್ರಾಯ.

ಈಗ ‘ಇನ್ಫೋ ವರ್ಟಿಯೊ’ ಎಂದರೆ ಸಾಧನಗಳ ಪಟ್ಟಿ ಮತ್ತು ಪ್ರತಿಯೊಂದರ ಉದ್ದನೆಯ ವಿಳಾಸ ಬರುತ್ತದೆ. ಆ ವಿಳಾಸವನ್ನು ನಕಲಿಸಿ ‘ಇನ್ಫೋ ವರ್ಟಿಯೊ-ಸ್ಟೇಟಸ್’ ಮುಂದೆ ಹಾಕಬೇಕು. ಕೈಯಿಂದ ಬೆರಳಚ್ಚಿಸಲು ಹೋದರೆ ತಾಳ್ಮೆ ಕೆಡುತ್ತದೆ. ವರ್ಚುವಲ್ ಯಂತ್ರಗಳನ್ನು ನಿರ್ವಹಿಸುವ ತಂತ್ರಾಂಶವಾದ ಲಿಬ್‌ವರ್ಟ್ ಮೂಲಕ ಯಂತ್ರ ನಡೆಸುವವರು ‘ವರ್ಶ್ ಕ್ಯೂಎಮು-ಮಾನಿಟರ್-ಕಮಾಂಡ್’ ಜೊತೆ ಮನುಷ್ಯರ ಮಾನಿಟರನ್ನು ಸೂಚಿಸುವ ‘ಎಚ್‌ಎಂಪಿ’ ಆಯ್ಕೆ ಕೊಟ್ಟು ಇದೇ ಪ್ರಶ್ನೆ ಕೇಳಬಹುದು. ಹಾಗೆ ಕೇಳಿದ ಮೇಲೆ, ಹಿಂಬಾಗಿಲಿನಿಂದ ಮಾನಿಟರ್ ಮುಟ್ಟಲಾಗಿದೆ ಎಂದು ಲಿಬ್‌ವರ್ಟ್ ಆ ಯಂತ್ರದ ಮೇಲೊಂದು ಗುರುತು ಹಾಕಿ ಲಾಗ್‌ನಲ್ಲಿ ಬರೆದಿಡುತ್ತದೆ. ಅದನ್ನು ಕಂಡು ಹೆದರಬೇಕಿಲ್ಲ; ಯಂತ್ರ ಎಂದಿನಂತೆ ಓಡುತ್ತಿರುತ್ತದೆ.