ಸುಮೋ ಅಧ್ಯಯನ ಟಿಪ್ಪಣಿ: ಕೆಳದರ್ಜೆಯಲ್ಲೇ 36 ವರ್ಷ

ಸುಮೋ ಬಗ್ಗೆ ಓದಲು ಶುರು ಮಾಡಿದವರು ಮೊದಲು ಹಿಡಿಯುವುದು ಯೊಕೊಜುನಾಗಳನ್ನೇ, ಅಂದರೆ ಅತ್ಯುನ್ನತ ಪದವಿಯ ಪೈಲ್ವಾನರನ್ನೇ. ತಪ್ಪೇನಿಲ್ಲ. ಆದರೆ ಕೆಳದರ್ಜೆಯ ಒಬ್ಬ ಪೈಲ್ವಾನರ ಬದುಕನ್ನು ನಿಧಾನವಾಗಿ ಓದಿಕೊಂಡರೆ ಇಡೀ ಪದ್ಧತಿ ಇನ್ನೂ ಚೆನ್ನಾಗಿ ತಲೆಗೆ ಹತ್ತುತ್ತದೆ. ಅದಕ್ಕೇ ಇಲ್ಲಿ ಹನಾಕಾಜೆ ಅವರನ್ನು ತೆಗೆದುಕೊಂಡಿದ್ದೇನೆ. ಟೋಕಿಯೋದವರು, ಹುಟ್ಟಿದ್ದು 1970ರಲ್ಲಿ. 15ನೇ ವಯಸ್ಸಿಗೆ, 1986ರ ಮಾರ್ಚ್‌ನಲ್ಲಿ, ತಾತ್ಸುನಾಮಿ ಗರಡಿ ಸೇರಿದರು. ನಿವೃತ್ತರಾಗಿದ್ದು 2022ರ ಜನವರಿಯಲ್ಲಿ. ಆಗ ಅವರಿಗೆ 51. ಇಷ್ಟು ವರ್ಷದಲ್ಲಿ ಸಾಂದಾನ್ಮೆ ಎಂಬ ದರ್ಜೆಗಿಂತ ಮೇಲೆ ಒಮ್ಮೆಯೂ ಹೋಗಲಿಲ್ಲ.

ಸಾಂದಾನ್ಮೆ ಎಲ್ಲಿದೆ ಅಂತ ಮೊದಲು ನೋಡೋಣ. ಒಟ್ಟು ಆರು ದರ್ಜೆ. ತುದಿಯಲ್ಲಿ ಮಾಕುವುಚಿ, 42 ಜನ. ಅದರ ಕೆಳಗೆ ಜೂರಿಯೋ, 28 ಜನ. ಆಮೇಲೆ ಮಾಕುಶಿತ, ಸಾಂದಾನ್ಮೆ, ಜೋನಿದಾನ್, ಜೋನೊಕುಚಿ. ಮೇಲಿನ ಎರಡು ದರ್ಜೆಯ 70 ಜನರನ್ನು ಸೆಕಿತೋರಿ ಎನ್ನುತ್ತಾರೆ. ಸಂಬಳ ಇವರಿಗೆ ಮಾತ್ರ. ಉಳಿದ ನೂರಾರು ಜನರಿಗೆ ಊಟ, ವಸತಿ, ಮತ್ತು ಎರಡು ತಿಂಗಳಿಗೊಮ್ಮೆ ನಡೆಯುವ ಟೂರ್ನಿಗೆ ಒಂದು ಭತ್ಯೆ. 2019ರಲ್ಲಿ ಏರಿಸಿದ ದರದ ಪ್ರಕಾರ ಸಾಂದಾನ್ಮೆಯವರಿಗೆ ಟೂರ್ನಿಗೆ 1,10,000 ಯೆನ್. ವರ್ಷಕ್ಕೆ ಆರು ಟೂರ್ನಿ, ಅಂದರೆ 6,60,000. ಜೂರಿಯೋದವರಿಗೆ ತಿಂಗಳಿಗೇ 11,00,000 ಯೆನ್. ವರ್ಷದ ಲೆಕ್ಕದಲ್ಲಿ ಸರಿಯಾಗಿ ಇಪ್ಪತ್ತು ಪಟ್ಟು! ನನ್ನ ಪ್ರಕಾರ ಸುಮೋದಲ್ಲಿ ನೆನಪಿಡಬೇಕಾದ ಗೆರೆ ಒಂದೇ, ಅದು ಮಾಕುಶಿತ ಮತ್ತು ಜೂರಿಯೋ ನಡುವಿನದು.

ಈ ಗೆರೆ ದಿನದ ಪ್ರತಿ ಗಂಟೆಯಲ್ಲೂ ಕಾಣುತ್ತದೆ. ಬೆಳಿಗ್ಗೆ ಬೇಗ ಎದ್ದು ಕಣಕ್ಕೆ ಇಳಿಯುವವರು ಕೆಳಗಿನವರು, ಅದೂ ಖಾಲಿ ಹೊಟ್ಟೆಯಲ್ಲಿ. ಸೆಕಿತೋರಿಗಳು ನಿಧಾನವಾಗಿ ಬರುತ್ತಾರೆ. ಅಭ್ಯಾಸ ಮುಗಿದ ಮೇಲೆ ಚಾಂಕೊ, ಅಂದರೆ ಗರಡಿಯ ಊಟ, ಬೇಯಿಸುವುದು, ಬಡಿಸುವುದು, ಸ್ನಾನದಲ್ಲಿ ಹಿರಿಯರ ಬೆನ್ನು ಉಜ್ಜುವುದು ಎಲ್ಲ ಕಿರಿಯರದ್ದೇ. ತಾವು ಉಣ್ಣುವುದು ಕೊನೆಗೆ, ಪಾತ್ರೆಯಲ್ಲಿ ಏನು ಉಳಿದಿದೆಯೋ ಅದನ್ನು. ಮಲಗುವುದು ಎಲ್ಲರೂ ಒಂದೇ ದೊಡ್ಡ ಕೋಣೆಯಲ್ಲಿ. ಸ್ವಂತ ಕೋಣೆ, ಮದುವೆ, ಬೇರೆ ಮನೆ ಇವೆಲ್ಲ ಸೆಕಿತೋರಿ ಆದ ಮೇಲಿನ ಮಾತು. ಬಟ್ಟೆ ನೋಡಿದರೂ ದರ್ಜೆ ಗೊತ್ತಾಗುತ್ತದೆ. ಜೋನಿದಾನ್‌ವರೆಗಿನವರು ಜನವರಿ ಚಳಿಯಲ್ಲೂ ತೆಳು ಹತ್ತಿಯ ಯುಕಾತ ಉಟ್ಟು, ಮರದ ಗೇತಾ ಮೆಟ್ಟಿ ಓಡಾಡಬೇಕು. ಸಾಂದಾನ್ಮೆ ತಲುಪಿದರೆ ಗೇತಾ ಹೋಗಿ ಸೆತ್ತಾ ಚಪ್ಪಲಿ ಬರುತ್ತದೆ, ಮೇಲೊಂದು ಹಾವೊರಿ ಅಂಗಿ ಹಾಕಿಕೊಳ್ಳಬಹುದು. ಓವರ್‌ಕೋಟು, ಮಫ್ಲರ್ ಬೇಕೆಂದರೆ ಮಾಕುಶಿತಕ್ಕೆ ಏರಬೇಕು. ಹನಾಕಾಜೆ ಅವರ ಚಳಿಗಾಲಗಳು ಹೇಗಿದ್ದಿರಬೇಕು ಯೋಚಿಸಿ.

ಈಗ ಪಂದ್ಯದ ಲೆಕ್ಕ. ಟೂರ್ನಿ 15 ದಿನ. ಸೆಕಿತೋರಿಗಳಿಗೆ ದಿನಕ್ಕೊಂದರಂತೆ 15 ಪಂದ್ಯ, ಕೆಳಗಿನವರಿಗೆ 7 ಮಾತ್ರ. ನಾಲ್ಕು ಗೆದ್ದರೆ ಕಚಿಕೋಶಿ, ಸ್ಥಾನ ಮೇಲಕ್ಕೆ. ಮೂರಕ್ಕೇ ನಿಂತರೆ ಮಕೆಕೋಶಿ, ಸ್ಥಾನ ಕೆಳಕ್ಕೆ. ಜೋಡಿ ಹಾಕುವುದು ಸಾಮಾನ್ಯವಾಗಿ ಅಷ್ಟೇ ಗೆದ್ದವರ ಜೊತೆ. ಹೀಗಾಗಿ ಮೊದಲ ಎರಡು ಪಂದ್ಯ ಗೆದ್ದವರಿಗೆ ಮುಂದೆ ಎದುರಾಗುವುದು ಇನ್ನೊಬ್ಬ ಎರಡು ಗೆದ್ದವರು, ಸೋತವರಿಗೆ ಸೋತವರೇ. ಬಹಳ ಜನ 4-3, 3-4ರ ಸುತ್ತಲೇ ತಿರುಗುವುದು ಇದರಿಂದ. ಏರುತ್ತಾರೆ, ಇಳಿಯುತ್ತಾರೆ, ಮತ್ತೆ ಏರುತ್ತಾರೆ. ಸುಮ್ನೆ ಸೋಲು ಗೆಲುವಿನ ಒಟ್ಟು ಸಂಖ್ಯೆ ನೋಡಿದರೆ ಇದು ಗೊತ್ತಾಗುವುದಿಲ್ಲ. ಒಂದೊಂದು ಟೂರ್ನಿಯ ಏಳನೇ ಪಂದ್ಯ ನೋಡಿ, 3-3 ಆಗಿ ಕಣಕ್ಕೆ ಇಳಿದವರಿಗೆ ಮುಂದಿನ ಎರಡು ತಿಂಗಳು ಅಲ್ಲೇ ನಿರ್ಧಾರವಾಗುತ್ತದೆ.

ಈ ಪಂದ್ಯಗಳು ನಡೆಯುವುದು ಬೆಳಿಗ್ಗೆ. ಜೋನೊಕುಚಿ ಪಂದ್ಯಗಳು ಸುಮಾರು 8:30ಕ್ಕೇ ಶುರುವಾಗುತ್ತವೆ, ಆಗ ಹಾಲ್‌ನಲ್ಲಿ ಸೀಟೆಲ್ಲ ಖಾಲಿ. ಉಪ್ಪು ಎರಚುವ ಶಾಸ್ತ್ರಕ್ಕೆ ಸಮಯ ಇಲ್ಲ. ಸೊಂಟಕ್ಕೆ ಅಭ್ಯಾಸದ್ದೇ ಕಪ್ಪು ಹತ್ತಿ ಮವಾಶಿ, ಅಂದರೆ ಸೊಂಟಪಟ್ಟಿ. ರೆಫ್ರಿ ಕೂಡ ಬರಿಗಾಲಲ್ಲಿ, ಉಡುಪನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ನಿಂತಿರುತ್ತಾರೆ, ಯಾಕೆಂದರೆ ಅವರದ್ದೂ ಕೆಳದರ್ಜೆಯೇ.

ಹನಾಕಾಜೆ ಅವರ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಗರಡಿಯ ಇತಿಹಾಸ. ಅವರು ಸೇರಿದ ವರ್ಷವೇ ಅದೇ ಗರಡಿಯ ಫುತಾಹಾಗುರೊ ಯೊಕೊಜುನಾ ಆದರು, 1987ರ ಕೊನೆಗೆ ಒಂದೂ ಟೂರ್ನಿ ಗೆಲ್ಲದೆ ಸುಮೋ ಬಿಟ್ಟು ಹೋದರು. ಮೂವತ್ತು ವರ್ಷದ ಮೇಲೆ, 1999ರಲ್ಲಿ ಹುಟ್ಟಿದ ಮಂಗೋಲಿಯಾದ ಹೋಶೋರ್ಯೂ ಅದೇ ಗರಡಿಗೆ ಬಂದು, 2019ರಲ್ಲಿ ಜೂರಿಯೋ ತಲುಪಿ, 2025ರಲ್ಲಿ ಯೊಕೊಜುನಾ ಆದರು. ಇಂಥವರು ಬಂದರು, ಹೋದರು, ಮೇಲೇರಿದರು. ಹನಾಕಾಜೆ ಅವರು ಮಾತ್ರ 50 ದಾಟಿದ ಮೇಲೂ ಹುಡುಗರ ಜೊತೆ ಡಿಕ್ಕಿ ಹೊಡೆಯುತ್ತಿದ್ದರು. ಇದನ್ನು ಸೋಲು ಅಂತ ಬರೆಯಲು ನನ್ನ ಕೈ ಬರುವುದಿಲ್ಲ.

ಕೆಳದರ್ಜೆ ಅಂದರೆ ಅಪಾಯ ಕಡಿಮೆ ಅಂದುಕೊಳ್ಳಬೇಡಿ. 2021ರ ಮಾರ್ಚ್‌ನಲ್ಲಿ ಸಾಂದಾನ್ಮೆಯ ಹಿಬಿಕಿರ್ಯೂ ತಲೆ ಕೆಳಗಾಗಿ ಬಿದ್ದು, ಚಿಕಿತ್ಸೆ ಸಿಗದೆ ಕೆಲವು ನಿಮಿಷ ಕಣದಲ್ಲೇ ಇದ್ದರು. ಏಪ್ರಿಲ್ 28ರಂದು ತೀರಿಕೊಂಡರು. ವಯಸ್ಸು 28. ಆಮೇಲಷ್ಟೇ ಕಣದ ಪಕ್ಕದ ವೈದ್ಯಕೀಯ ವ್ಯವಸ್ಥೆ ಬಿಗಿಯಾಯಿತು. ಇಷ್ಟು ತಡವಾಗಬಾರದಿತ್ತು, ಅಲ್ವಾ?

ನಿವೃತ್ತಿಯಲ್ಲೂ ಅದೇ ಗೆರೆ. ಸೆಕಿತೋರಿಯಾಗಿ 30 ಟೂರ್ನಿ ಆಡಿದವರಿಗೆ ಟೋಕಿಯೋದ ಸುಮೋ ಸಭಾಂಗಣ ಕೊಕುಗಿಕಾನ್‌ನಲ್ಲಿ ಜುಟ್ಟು ಕತ್ತರಿಸುವ ದೊಡ್ಡ ಸಮಾರಂಭ. ಕೆಳಗಿನವರ ಜುಟ್ಟು ಕತ್ತರಿಸುವುದು ಸಾಮಾನ್ಯವಾಗಿ ಗರಡಿಯಲ್ಲೋ, ಟೂರ್ನಿ ಮುಗಿದ ದಿನದ ಔತಣದಲ್ಲೋ. ತರಬೇತಿ ಕೊಡುವ ಹಿರಿಯರ ಹುದ್ದೆ ಅವರಿಗಿಲ್ಲ. ಅಷ್ಟು ವರ್ಷ ಕಲಿತ ಅಡುಗೆ ಇದೆ, ಹಾಗಾಗಿ ಚಾಂಕೊ ಹೋಟೆಲ್ ಇಟ್ಟ ಮಾಜಿ ಪೈಲ್ವಾನರು ಜಪಾನಿನಲ್ಲಿ ಬೇಕಾದಷ್ಟು ಜನ ಇದ್ದಾರೆ.