ಬಡತನ, ಉಗ್ರರು, ಜನಬೆಂಬಲ: ಆ ಮೈನಸ್ ಲೆಕ್ಕ

ಬಡತನಕ್ಕೂ ಉಗ್ರರ ಜನಬೆಂಬಲಕ್ಕೂ ಏನು ಸಂಬಂಧ ಅಂತ ಬರೆಯಲು ಕೂತರೆ, ಬಡತನ ಜಾಸ್ತಿಯಾದರೆ ಬೆಂಬಲವೂ ಜಾಸ್ತಿ ಅಂತ ಬರೆದು ಮುಗಿಸೋಣ ಅನಿಸುತ್ತದೆ. ಅದಕ್ಕೆ ಮುಂಚೆ ಸಂಘಟನೆಗೆ ಸೇರುವುದು ಬೇರೆ, ದೂರದಿಂದ ಬೆಂಬಲಿಸುವುದು ಬೇರೆ ಅಂತ ಗೆರೆ ಎಳೆದುಕೊಳ್ಳಿ. ಅವಕಾಶ ವೆಚ್ಚದ (ಒಂದನ್ನು ಆರಿಸಿದರೆ ಕೈತಪ್ಪುವ ಇನ್ನೊಂದರ ಬೆಲೆ) ವಾದ ಸೇರುವವರಿಗೆ ಸರಿಹೋಗುತ್ತದೆ: ಕೆಲಸವೇ ಇಲ್ಲದವನು ಸೇರಿದರೆ ಕಳೆದುಕೊಳ್ಳುವುದು ಕಡಿಮೆ. ಆದರೆ ಮನೆಯಲ್ಲಿ ಕೂತು "ಅವರು ಮಾಡಿದ್ದು ಸರಿ" ಅನ್ನುವವನು ಯಾವ ಸಂಬಳವನ್ನೂ ಬಿಡಬೇಕಿಲ್ಲ, ಅಲ್ವಾ?

ಸೇರುವವರಲ್ಲೂ ಈ ವಾದ ಕುಂಟುತ್ತದೆ. ಸಂಶೋಧಕರಾದ ಅಲನ್ ಕ್ರೂಗರ್ ಮತ್ತು ಜಿಟ್ಕಾ ಮಲೆಚ್ಕೋವಾ 2003ರಲ್ಲಿ, ಸತ್ತ 129 ಹಿಜ್ಬುಲ್ಲಾ ಹೋರಾಟಗಾರರನ್ನು ಲೆಬನಾನಿನ ಜನರ ಜೊತೆ ಹೋಲಿಸಿದರು. ಹೋರಾಟಗಾರರಲ್ಲಿ ಬಡವರು ಶೇ 28, ಜನರಲ್ಲಿ ಶೇ 33. (ಬಂದವರಲ್ಲಿ ಓದಿದವರನ್ನೇ ಸಂಘಟನೆ ಆರಿಸಿಕೊಳ್ಳಬಹುದು. ಹಾಗಾಗಿ ಸತ್ತವರ ಪಟ್ಟಿ ನೋಡಿ ಸೇರಲು ಬಂದವರು ಯಾರು ಅಂತಲೂ ಹೇಳಲಾಗದು, ಬೆಂಬಲಿಗರ ಮಾತಂತೂ ದೂರವೇ.) ಬೆಂಬಲಕ್ಕೆ ಅವರು ನೋಡಿದ್ದು 2001ರ ಡಿಸೆಂಬರ್‌ನ ಪ್ಯಾಲೆಸ್ತೀನ್ ಸಮೀಕ್ಷೆ. ಓದು ಹೆಚ್ಚಾದಂತೆ ಇಸ್ರೇಲ್ ಮೇಲಿನ ದಾಳಿಗಳಿಗೆ ಬೆಂಬಲ ಇಳಿಯಲಿಲ್ಲ.

ಆದರೆ ಅಲ್ಲಿ ನೇರವಾಗಿ ಕೇಳಿದ್ದರು. ನೇರವಾಗಿ ಕೇಳಿದರೆ ಜನ ಭಯಕ್ಕೋ ಮರ್ಯಾದೆಗೋ ಉತ್ತರ ತಿರುಚಬಹುದು. ಇದಕ್ಕೆ ಮದ್ದು ಎಂಡೋರ್ಸ್‌ಮೆಂಟ್ ಪ್ರಯೋಗ. ತಲೆ ಕೆಡಿಸುವುದೂ ಇದೇ, ನಿಧಾನವಾಗಿ ಓದಿ.

ಪಾಕಿಸ್ತಾನದಲ್ಲಿ ಬೇರೆ ಸಂಶೋಧಕರು ಸುಮಾರು 6,000 ಜನರ ಮೇಲೆ ಇದನ್ನು ಮಾಡಿದರು, ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಉಗ್ರರು ಇಷ್ಟವೇ ಅಂತ ಯಾರನ್ನೂ ಕೇಳಲಿಲ್ಲ. ಪೋಲಿಯೊ ಲಸಿಕೆಯಂಥ ಯೋಜನೆಯ ಬಗ್ಗೆ ಒಂದು ಗುಂಪನ್ನು ಬರೀ ಅಭಿಪ್ರಾಯ ಕೇಳಿದರು. ಇನ್ನೊಂದು ಗುಂಪಿಗೆ, ಇಂಥ ಉಗ್ರ ಸಂಘಟನೆಯೂ ಇದನ್ನು ಬೆಂಬಲಿಸುತ್ತದೆ ಅಂತ ಸೇರಿಸಿ ಕೇಳಿದರು. ಯಾರು ಯಾವ ಗುಂಪಿಗೆ ಅನ್ನುವುದು ಚೀಟಿ ಎತ್ತಿದ ಹಾಗೆ. ಯೋಜನೆ ಅದೇ, ಜನರೂ ಸರಾಸರಿಯಲ್ಲಿ ಒಂದೇ ಥರ. ಹಾಗಾದರೆ ಅಂಕ ಬದಲಾದರೆ ಅದಕ್ಕೆ ಕಾರಣ ಆ ಸಂಘಟನೆಯ ಹೆಸರೇ.

ಈಗ ಸುಮ್ನೆ ಲೆಕ್ಕಕ್ಕೆ ಒಂದಿಷ್ಟು ಅಂಕಿ ಇಟ್ಟುಕೊಳ್ಳೋಣ, ನಿಜವಾದವಲ್ಲ. 5 ಅಂದರೆ ಪೂರ್ತಿ ಒಪ್ಪಿಗೆ. ಬಡವರು: ಹೆಸರಿಲ್ಲದೆ 4.0, ಹೆಸರಿದ್ದಾಗ 3.6. ಮಧ್ಯಮ ವರ್ಗ: ಹೆಸರಿಲ್ಲದೆ 3.4, ಹೆಸರಿದ್ದಾಗ 3.3. ಹೆಸರಿದ್ದಾಗಿನ ಅಂಕ ಮಾತ್ರ ನೋಡಿದರೆ 3.6 ದೊಡ್ಡದು, ಬಡವರೇ ಉಗ್ರರ ಕಡೆ ಅನಿಸಿಬಿಡುತ್ತದೆ. ಅಲ್ಲ! ಬಡವರಿಗೆ ಲಸಿಕೆಯೇ ಹೆಚ್ಚು ಇಷ್ಟ, ಅದಕ್ಕೇ ಅಂಕ ಜಾಸ್ತಿ. ಆ ಲಸಿಕೆಯ ಪಾಲನ್ನು ಕಳೆದರೆ ಉಳಿಯುವುದು ಹೆಸರಿನ ಪರಿಣಾಮ: ಬಡವರಲ್ಲಿ −0.4, ಮಧ್ಯಮ ವರ್ಗದಲ್ಲಿ −0.1. ಹೆಸರು ಕೇಳಿ ಹೆಚ್ಚು ಹಿಂದೆ ಸರಿದವರು ಬಡವರು. ಮೊದಲು ಆಯಾ ವರ್ಗದ ಒಳಗೇ ಕಳೆಯಿರಿ, ಆಮೇಲೆ ವರ್ಗಗಳನ್ನು ಹೋಲಿಸಿ. ಇನ್ನೊಂದು, ಒಬ್ಬನಿಗೆ ಎರಡೂ ಪ್ರಶ್ನೆ ಕೇಳಿರುವುದಿಲ್ಲ. ಹಾಗಾಗಿ ಒಬ್ಬ ವ್ಯಕ್ತಿಯ ಬೆಂಬಲ ಇಲ್ಲಿ ಸಿಗುವುದೇ ಇಲ್ಲ, ಗುಂಪಿನ ಸರಾಸರಿ ಮಾತ್ರ.

ನಿಜವಾದ ಫಲಿತಾಂಶವೂ ಅದೇ ದಿಕ್ಕಿನದು. ಮಧ್ಯಮ ವರ್ಗಕ್ಕಿಂತ ಬಡವರಿಗೆ ಉಗ್ರರು ಕಂಡರಾಗದು, ಪಟ್ಟಣದ ಬಡವರಿಗಂತೂ ಇನ್ನೂ ಜಾಸ್ತಿ. ಹಿಂಸೆಯ ಹೊಡೆತ ಹೆಚ್ಚು ಬೀಳುವುದು ಅವರ ಮೇಲೇ ಅನ್ನುವುದು ಸಂಶೋಧಕರ ವಿವರಣೆ. ವೆಚ್ಚದ ಮಾತು ವಾಪಸ್ ಬಂತು ನೋಡಿ, ಆದರೆ ಇದು ಸೇರುವವನ ವೆಚ್ಚವಲ್ಲ, ಪಕ್ಕದಲ್ಲಿ ಬದುಕುವವನ ವೆಚ್ಚ.

ಇದನ್ನೇ ಹಿಡಿದುಕೊಂಡು "ಮಧ್ಯಮ ವರ್ಗ ಉಗ್ರರನ್ನು ಬೆಂಬಲಿಸುತ್ತದೆ" ಅಂತ ಮಾತ್ರ ಬರೆಯಬೇಡಿ. ನಮ್ಮ ಲೆಕ್ಕದ −0.1 ಕೂಡ ಮೈನಸ್ಸೇ. ಒಟ್ಟಾರೆ ಪಾಕಿಸ್ತಾನಿಗಳ ಒಲವೂ ಸಮೀಕ್ಷೆಯಲ್ಲಿ ಸ್ವಲ್ಪ ಮೈನಸ್ ಕಡೆಗೇ ಇತ್ತು.