ಬೀಟಾ ಡಬಲ್ ಆಗಲೇಬೇಕಾ?

ಬೆಂಗಳೂರಲ್ಲಿ ಈಗ ಗರ್ಭದ ‘ಬೀಟಾ’ ಪರೀಕ್ಷೆಗೆ ಬೆಳಿಗ್ಗೆ ರಕ್ತ ಕೊಟ್ಟರೆ ಸಂಜೆಗೆಲ್ಲ ರಿಪೋರ್ಟ್ ವಾಟ್ಸಾಪ್‌ಗೇ ಬಂದುಬಿಡುತ್ತದೆ. ಡಾಕ್ಟರ್ ಸಿಗುವುದು ನಾಳೆಗೋ ನಾಡಿದ್ದಿಗೋ. ಅಷ್ಟರಲ್ಲಿ ಮನೆಯಲ್ಲಿ ಲೆಕ್ಕ ಶುರು. ‘ಬೀಟಾ ಎಷ್ಟು ಬಂತು? ಎರಡು ದಿನದ ಹಿಂದಿನದಕ್ಕೆ ಡಬಲ್ ಆಯ್ತಾ?’ ಆಗಿಲ್ಲ ಅಂದರೆ ಆ ರಾತ್ರಿ ಯಾರಿಗೂ ನಿದ್ದೆ ಇಲ್ಲ.

ಗರ್ಭ ನಿಂತಾಗ, ಮುಂದೆ ಮಾಸು ಆಗುವ ಕೋಶಗಳು ಎಚ್‌ಸಿಜಿ ಅನ್ನುವ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. 1920ರ ದಶಕದಲ್ಲಿ ಹೆಂಗಸರ ಮೂತ್ರವನ್ನು ಇಲಿಗಳಿಗೆ ಚುಚ್ಚಿ ಇದನ್ನು ಪತ್ತೆಮಾಡುತ್ತಿದ್ದರು. ಆಮೇಲೆ ಮೊಲ, ಕಪ್ಪೆ. 1972ರಲ್ಲಿ ಅಮೆರಿಕದ ಜುಡಿತ್ ವೈಟುಕೈಟಿಸ್ ಮತ್ತು ಸಂಗಡಿಗರು ಈ ಹಾರ್ಮೋನಿನ ಬೀಟಾ ಭಾಗವನ್ನೇ ಗುರುತಿಸುವ ರಕ್ತಪರೀಕ್ಷೆ ಕೊಟ್ಟರು. ನಾವು ‘ಬೀಟಾ’ ಅನ್ನುವುದು ಅದನ್ನೇ.

ನಿಜವಾದ ಗೋಜಲು ಶುರುವಾಗಿದ್ದು 1981ರಲ್ಲಿ. 48 ಗಂಟೆಯಲ್ಲಿ ಬೀಟಾ ಕನಿಷ್ಠ 66% ಏರಬೇಕು ಅಂತ ಒಂದು ಅಧ್ಯಯನ ಗೆರೆ ಎಳೆಯಿತು. ಆರೋಗ್ಯವಾಗಿರುವ ಗರ್ಭಗಳಲ್ಲೇ ಸುಮಾರು 15% ಆ ಗೆರೆಯ ಕೆಳಗೆ ಬೀಳುತ್ತವೆ ಅನ್ನುವುದು ಅದರ ಲೆಕ್ಕದಲ್ಲೇ ಇತ್ತು. ಆದರೆ ಬಾಯಿಂದ ಬಾಯಿಗೆ ಹೋಗುತ್ತಾ 66% ಅನ್ನುವುದು ‘ಡಬಲ್’ ಆಯಿತು, ವಿನಾಯಿತಿ ಮರೆತೇ ಹೋಯಿತು. 2004ರಲ್ಲಿ ಗೆರೆ 53%ಗೆ ಇಳಿಯಿತು. 2016ರಲ್ಲಿ ಇನ್ನೂ ಸಡಿಲಾಯಿತು: ಮೊದಲ ಬೀಟಾ 1,500ಕ್ಕಿಂತ ಕಡಿಮೆ ಇದ್ದರೆ 49%, 1,500ರಿಂದ 3,000ದವರೆಗೆ 40%, ಅದಕ್ಕೂ ಜಾಸ್ತಿ ಇದ್ದರೆ 33% ಏರಿದರೂ ಸಾಕು. ಅಂದರೆ 1,200 ಇದ್ದದ್ದು ಎರಡು ದಿನಕ್ಕೆ 1,800 ಆದರೆ ಡಬಲ್ ಆಗಿಲ್ಲ, ನಿಜ. ಆದರೂ ಗರ್ಭ ಚೆನ್ನಾಗಿಯೇ ಇರಬಹುದು. ಇದನ್ನು ಒಂದು ಫೋನ್‌ನಲ್ಲಿ ಹೇಳಬಹುದು. ಹೇಳುವವರು ಇರಬೇಕು, ಅಷ್ಟೇ.

ಒಂದೇ ಸಲದ ನಂಬರಂತೂ ಗರ್ಭ ಹೇಗಿದೆ ಅನ್ನುವುದನ್ನು ಹೇಳುವುದಿಲ್ಲ. ರಿಪೋರ್ಟಿನ ಕೆಳಗಿರುವ ಪಟ್ಟಿ ನೋಡಿ. ಎಷ್ಟೋ ಕಡೆ 5ನೇ ವಾರಕ್ಕೆ 18ರಿಂದ 7,340 ಅಂತ ಇರುತ್ತದೆ. ಪಕ್ಕದ ಮನೆಯವಳ ಬೀಟಾ ಜೊತೆ ಹೋಲಿಸುವುದು ಸುಮ್ನೆ ಸಂಕಟ, ಅಲ್ವಾ? ಲ್ಯಾಬಿನ ಪರೀಕ್ಷಾ ಕಿಟ್ ಬದಲಾದರೂ ಅಂಕಿ ಬದಲಾಗುತ್ತದೆ. ಹಾಗಾಗಿ ಎರಡನೇ ಸಲವೂ ಅದೇ ಲ್ಯಾಬ್‌ಗೇ ಹೋಗಬೇಕು.

ಈ ಮೊದಲ ವಾರಗಳಲ್ಲಿ ಬೀಟಾ ಇಳಿಯುತ್ತಾ ಹೋದರೆ ಗರ್ಭ ನಿಲ್ಲುತ್ತಿಲ್ಲ ಅನ್ನುವುದು ಬಹುಮಟ್ಟಿಗೆ ಖಚಿತ. ಆದರೆ ಅದು ಗರ್ಭಕೋಶದಲ್ಲಿ ಕೂತಿತ್ತೋ ಹೊರಗೋ ಅನ್ನುವುದನ್ನು ರಕ್ತ ಹೇಳುವುದಿಲ್ಲ, ಸ್ಕ್ಯಾನ್ ಹೇಳಬೇಕು. ಅಲ್ಲೂ ಹಿಂದೆ ಆತುರ ಇತ್ತು. ಬೀಟಾ 1,500 ದಾಟಿದರೆ ಗರ್ಭಕೋಶದೊಳಗೆ ಭ್ರೂಣದ ಚೀಲ ಸ್ಕ್ಯಾನಿನಲ್ಲಿ ಕಾಣಲೇಬೇಕು ಅನ್ನುತ್ತಿದ್ದರು. ಈಗ 3,500ರವರೆಗೂ ಕಾಯಬಹುದು ಅನ್ನುವ ಮಾತಿದೆ. 2013ರ ಹೊತ್ತಿಗೆ, ಭ್ರೂಣ 7 ಮಿಲಿಮೀಟರ್ ಆದ ಮೇಲೂ ಹೃದಯ ಬಡಿತ ಇಲ್ಲದಿದ್ದರೆ ಮಾತ್ರ ಕಳೆದುಹೋಯಿತು ಅನ್ನಬೇಕು ಅಂತ ಬಿಗಿ ಮಾಡಿದರು. ಕಾಯದೆ ಗರ್ಭ ತೆಗೆಯುವ ಮಾತ್ರೆ ಕೊಟ್ಟರೆ ಉಳಿಯಬಹುದಾದ ಮಗುವೂ ಹೋಗುತ್ತದೆ ಅನ್ನುವ ಭಯವೇ ಇದಕ್ಕೆ ಕಾರಣ.

ಹಾಗಂತ ಡಬಲ್ ಆದರೆ ನಿಶ್ಚಿಂತೆ ಅಂತಲೂ ಅಲ್ಲ. ಗರ್ಭಕೋಶ ಬಿಟ್ಟು ಅಂಡನಾಳದಲ್ಲಿ ಕೂತ ಗರ್ಭಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಬೀಟಾ ಮಾಮೂಲಿನಂತೆಯೇ ಏರುತ್ತದೆ. ಹೊಟ್ಟೆಯ ಒಂದು ಬದಿ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು ಬಂದರೆ ಎರಡನೇ ರಿಪೋರ್ಟಿಗೆ ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಬೇಕು.